ಅಮ್ಮನ ಚಪ್ಪಲಿ ಜಾರ್ತಿತ್ತು, ನಾನು ಎಕ್ಸೆಲ್ ನೋಡ್ತಿದ್ದೆ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೂತಿದ್ದೀರಿ ಅಂದ್ಕೊಳ್ತೀನಿ. ನಿಂತಿದ್ರೆ ಇನ್ನೂ ಒಳ್ಳೇದು, ಯಾಕಂದ್ರೆ ಇವತ್ತಿನ ವಿಷಯ ಸೊಂಟ.

ಸಾಮಾನ್ಯವಾಗಿ ನಾನಿಲ್ಲಿ ಎಸ್‌ಐಪಿ, ಟ್ಯಾಕ್ಸು, ಕ್ರೆಡಿಟ್ ಕಾರ್ಡು ಅಂತ ದುಡ್ಡಿನ ಮಾತಾಡ್ತೀನಿ. ಇವತ್ತೂ ದುಡ್ಡಿನ ಮಾತಿದೆ, ಆದರೆ ಅದರ ಜೊತೆ ನಮ್ಮ ಅಮ್ಮನ ಬೆನ್ನುಮೂಳೆನೂ ಇದೆ. ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಶಿವಮೊಗ್ಗದಲ್ಲಿ ಬಿ.ಕಾಂ. ಓದಿದವಳು. ಬ್ಯಾಲೆನ್ಸ್ ಶೀಟ್ ಓದೋಕೆ ಬರುತ್ತೆ, ಎಂಆರ್‌ಐ ಓದೋಕೆ ಬರಲ್ಲ. ಬರುತ್ತೆ ಅಂದ್ಕೊಂಡಿದ್ದೆ, ಅದೂ ಒಂದು ಕಥೆ.

ನಮ್ಮೂರು ತೀರ್ಥಹಳ್ಳಿ ಕಡೆ. ಒಂದೆಕರೆ ಅಡಿಕೆ ತೋಟ. ಅಮ್ಮನಿಗೆ 57. ಸುಗ್ಗಿ ಬಂತು ಅಂದ್ರೆ ನಮ್ಮನೇದು ಸುಲಿದಾದ ಮೇಲೆ ಅಕ್ಕಪಕ್ಕದ ಮನೆಗೂ ಸುಲಿಯೋಕೆ ಹೋಗ್ತಾಳೆ, ಡಬ್ಬಕ್ಕೆ ಇಷ್ಟು ಅಂತ ಲೆಕ್ಕ. ಮೆಟ್ಟುಗತ್ತಿ ಮುಂದೆ ನೆಲದ ಮೇಲೆ ಕೂತರೆ ಸಂಜೆಯಿಂದ ರಾತ್ರಿ ಹನ್ನೊಂದರವರೆಗೆ ಏಳೋದಿಲ್ಲ. ಸೊಂಟ ನೋವು ಅನ್ನೋದು ನಮ್ಮ ಕಡೆ ಕಾಯಿಲೆನೇ ಅಲ್ಲ, ಮಳೆ ಇದ್ದಂಗೆ. ಬರುತ್ತೆ, ಇರುತ್ತೆ, ಯಾರೂ ಮಾತಾಡಲ್ಲ.

ಮಾತಾಡೋ ಹಂಗಾಗಿದ್ದು ನಡೆಯೋಕೆ ಆಗದೇ ಇದ್ದಾಗ. ನಮ್ಮನೆಯಿಂದ ಬಸ್ ಸ್ಟಾಪಿಗೆ ಹತ್ತು ನಿಮಿಷದ ದಾರಿ. ಅಷ್ಟರಲ್ಲಿ ಮೂರು ಕಡೆ ಕೂರೋಳು. ಮೊದಲು ಮೋರಿ ಕಟ್ಟೆ, ಆಮೇಲೆ ಹಾಲಿನ ಡೈರಿ ಮೆಟ್ಟಿಲು, ಕೊನೆಗೆ ಎಲ್ಲಿ ಸಿಕ್ಕಿದ್ರೆ ಅಲ್ಲಿ. ನಿಂತರೆ ಸೊಂಟದಿಂದ ಪೃಷ್ಠ, ಅಲ್ಲಿಂದ ಎಡಗಾಲಿಗೆ ಬೆಂಕಿ ಇಳಿದಂಗೆ. ಎರಡು ನಿಮಿಷ ಕೂತರೆ ಏನೂ ಆಗಿಲ್ಲ ಅನ್ನೋ ಥರ ಎದ್ದು ನಡೆಯೋಳು. ಇದನ್ನ ನೋಡಿ ಅಪ್ಪ ಅಂದಿದ್ದು, "ನಿಂಗೆ ನಡೆಯೋ ಸೋಮಾರಿತನ" ಅಂತ. ಅಪ್ಪನ್ನ ಬೈಯೋಕೆ ಹೇಳ್ತಿಲ್ಲ, ನನಗೂ ಒಳಗೊಳಗೆ ಹಾಗೇ ಅನಿಸಿತ್ತು.

ಆಮೇಲೆ ಒಂದ್ಸಲ ಬೆಂಗಳೂರಿಗೆ ಬಂದಿದ್ದಳು. ನನ್ನ ರೂಮಿನ ಹತ್ತಿರ ಒಂದು ಸೂಪರ್ ಮಾರ್ಕೆಟ್ ಇದೆ, ಕರ್ಕೊಂಡು ಹೋದೆ. ಟ್ರಾಲಿ ಹಿಡ್ಕೊಂಡು, ಅದರ ಮೇಲೆ ಸ್ವಲ್ಪ ಬಗ್ಗಿಕೊಂಡು ಇಡೀ ಅಂಗಡಿ ಮುಕ್ಕಾಲು ಗಂಟೆ ಸುತ್ತಿದ್ಲು. ಒಂದು ಸಲಾನೂ ಕೂರಲಿಲ್ಲ! ಟ್ರಾಲಿ ವಾಪಸ್ ಕೊಟ್ಟು ಹೊರಗೆ ಬಂದ ಮೂರನೇ ನಿಮಿಷಕ್ಕೆ ಫುಟ್‌ಪಾತ್ ಮೇಲೆ ಕೂತುಬಿಟ್ಟಳು. ನನಗೆ ತಲೆ ಕೆಟ್ಟುಹೋಯ್ತು. ಆಮೇಲೆ ಗೊತ್ತಾಯ್ತು, ಇದು ಎಷ್ಟು ಸಾಮಾನ್ಯ ಅಂದ್ರೆ ಡಾಕ್ಟರ್‌ಗಳು ಇದನ್ನೇ ಒಂದು ಲಕ್ಷಣ ಅಂತ ಲೆಕ್ಕಕ್ಕೆ ತಗೋತಾರೆ. ಬೆನ್ನುಮೂಳೆಯೊಳಗೆ ನರಗಳು ಹೋಗೋ ಕಾಲುವೆ ಕಿರಿದಾಗಿದ್ದರೆ, ನೆಟ್ಟಗೆ ನಿಂತಾಗ ಇನ್ನೂ ಕಿರಿದಾಗುತ್ತೆ, ಮುಂದಕ್ಕೆ ಬಗ್ಗಿದಾಗ ಸ್ವಲ್ಪ ಅಗಲ ಆಗುತ್ತೆ. ಅಮ್ಮ ಟ್ರಾಲಿ ಮೇಲೆ ಬಗ್ಗಿದ್ದಳು. ಅಷ್ಟೇ ವ್ಯತ್ಯಾಸ.

ಸ್ಕ್ಯಾನ್ ಆಯ್ತು. ರಿಪೋರ್ಟಲ್ಲಿ ಎಲ್4-ಎಲ್5 ಮಟ್ಟದಲ್ಲಿ ಡಿಜೆನರೇಟಿವ್ ಸ್ಪಾಂಡಿಲೋಲಿಸ್ಥೆಸಿಸ್, ಜೊತೆಗೆ ಸ್ಟೆನೋಸಿಸ್ ಅಂತ ಬರೆದಿತ್ತು. ನಾವು ಸ್ಕೂಲಲ್ಲಿ ಕಶೇರುಮಣಿ ಅಂತ ಓದಿದ್ವಲ್ಲ, ಸೊಂಟದ ಭಾಗದಲ್ಲಿ ಅಂಥವು ಐದು. ಮಣಿ ಮಣಿ ನಡುವೆ ಡಿಸ್ಕ್, ಅದರ ಒಳಗೆ ಲೋಳೆ ಥರದ ತಿರುಳು, ಸುತ್ತ ನಾರಿನ ಬಳೆ. ವಯಸ್ಸಾದಂಗೆ ತಿರುಳಿನ ನೀರು ಆರುತ್ತೆ, ಡಿಸ್ಕ್ ಚಪ್ಪಟೆ ಆಗುತ್ತೆ, ಹಿಂದಿನ ಕೀಲುಗಳು ಸವೀತವೆ. ಅಮ್ಮನಿಗೆ ಆ ಕೀಲು ಹಿಡಿತ ಬಿಟ್ಟು ನಾಲ್ಕನೇ ಮಣಿ ಐದನೆಯದರ ಮೇಲಿಂದ ಮುಂದಕ್ಕೆ ಜಾರಿತ್ತು. ಇದು ಐವತ್ತು ದಾಟಿದ ಹೆಂಗಸರಲ್ಲೇ ಜಾಸ್ತಿ, ಅದೂ ಬಹುತೇಕ ಇದೇ ನಾಲ್ಕು-ಐದರ ನಡುವೆ.

ಇಲ್ಲೊಂದು ಮಾತು, ನಿಮಗೋಸ್ಕರ. 2015ರಲ್ಲಿ ಒಂದು ದೊಡ್ಡ ವಿಮರ್ಶೆ ಬಂತು. ಬೆನ್ನು ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನ ಒಟ್ಟು ಹಾಕಿ ನೋಡಿದ್ರು. 20ರ ವಯಸ್ಸಿನವರಲ್ಲಿ ಶೇ 37 ಜನಕ್ಕೆ, 30ರವರಲ್ಲಿ ಶೇ 52 ಜನಕ್ಕೆ, 50ರವರಲ್ಲಿ ಶೇ 80 ಜನಕ್ಕೆ ಡಿಸ್ಕ್ ಸವೆದಿತ್ತು. ಯಾರಿಗೂ ನೋವಿರಲಿಲ್ಲ! ಹಾಗಾಗಿ ಲ್ಯಾಪ್‌ಟಾಪ್ ಮುಂದೆ ಕೂತು ಕೂತು ಸೊಂಟ ಹಿಡಿದು, ಎಂಆರ್‌ಐ ಮಾಡಿಸಿ, "ಡಿಸ್ಕ್ ಡಿಜೆನರೇಷನ್" ಅಂತ ನೋಡಿ ಗಾಬರಿಯಾಗಿ ನನಗೆ ಮೆಸೇಜ್ ಮಾಡೋರಿಗೆ ನಾನು ಹೇಳೋದು ಇಷ್ಟೇ, ಸ್ಕ್ಯಾನಲ್ಲಿ ಕಂಡಿದ್ದೆಲ್ಲ ನೋವಿನ ಕಾರಣ ಅಲ್ಲ. ಸ್ಕ್ಯಾನೂ ನಿಮ್ಮ ಕಾಲೂ ಒಂದೇ ಕಥೆ ಹೇಳಬೇಕು. ಅಮ್ಮನ ವಿಷಯದಲ್ಲಿ ಎರಡೂ ಒಂದೇ ಹೇಳ್ತಿದ್ವು.

ಮೊದಲು ಹೋದ ಆಸ್ಪತ್ರೆ ಹೆಸರು ಬೇಡ. ಅಲ್ಲಿ ಐದು ನಿಮಿಷ ರಿಪೋರ್ಟ್ ನೋಡಿದ್ರು, ಅಮ್ಮನ ಕಾಲನ್ನ ಮುಟ್ಟಲೇ ಇಲ್ಲ. "ಇವತ್ತೇ ಅಡ್ಮಿಟ್ ಆಗಿ, ಇಲ್ಲಾಂದ್ರೆ ಹಾಸಿಗೆ ಹಿಡೀತಾರೆ" ಅಂದ್ರು. ಕೆಳಗೆ ಬಂದ್ರೆ ಕೌಂಟರಲ್ಲಿ ಪ್ಯಾಕೇಜ್ ಪ್ರಿಂಟೌಟ್ ರೆಡಿ. ಅಮ್ಮ ಅದನ್ನ ಮಡಚಿ ಬ್ಲೌಸೊಳಗೆ ಇಟ್ಕೊಂಡು, "ನಡಿ ಮಾರಾಯ್ತಿ, ಊರಿಗೆ ಹೋಗಾಣ" ಅಂದಳು.

ಎರಡನೇ ಸರ್ಜನ್ ಹಂಗಿರಲಿಲ್ಲ. ಅಮ್ಮನ್ನ ನಡೆಸಿದ್ರು, ಹಿಮ್ಮಡಿ ಮೇಲೆ ನಡೆಸಿದ್ರು, ಕಾಲು ಹೆಬ್ಬೆರಳನ್ನ ಮೇಲಕ್ಕೆತ್ತಿಸಿ ತಮ್ಮ ಬೆರಳಿಂದ ಒತ್ತಿ ನೋಡಿದ್ರು. ಶಕ್ತಿ ಸರಿಯಾಗಿದೆ ಅಂದ್ರು. ಹಾಸಿಗೆ ಹಿಡಿಯೋ ಮಾತಿಗೆ ಅವರು ಕೊಟ್ಟ ಉತ್ತರ ನನಗೆ ಇಷ್ಟ ಆಯ್ತು. ಬೆನ್ನುಹುರಿ ಅನ್ನೋದು ಸೊಂಟದ ಮೇಲ್ಭಾಗದಲ್ಲೇ ಮುಗಿದುಹೋಗುತ್ತೆ, ಅದರಿಂದ ಕೆಳಗೆ ಬಿಡಿ ಬಿಡಿ ನರಗಳ ಗೊಂಚಲು, ಕುದುರೆ ಬಾಲದ ಥರ. ಅಮ್ಮನಿಗೆ ಒತ್ತಡ ಇರೋದು ಅಲ್ಲಿ. ಒಂದೊಂದು ನರ ನಿಧಾನಕ್ಕೆ ಸೋಲಬಹುದು, ಆದರೆ ನಾಳೆ ಬೆಳಗ್ಗೆ ಎದ್ದೇಳಲ್ಲ ಅನ್ನೋ ಸ್ಥಿತಿ ಇದಲ್ಲ. ನಿಜವಾದ ಎಮರ್ಜೆನ್ಸಿ ಬೇರೆ ಇದೆ. ಮೂತ್ರ ಕಟ್ಟಿಕೊಳ್ಳೋದು ಅಥವಾ ಗೊತ್ತಿಲ್ಲದೆ ಹೋಗೋದು, ಸೈಕಲ್ ಸೀಟು ತಾಗೋ ಜಾಗ ಜೋಮು ಹಿಡಿಯೋದು. ಅದಾದ್ರೆ ಅದೇ ದಿನ, ಅದೇ ಗಂಟೆ ಆಸ್ಪತ್ರೆ.

ಆಮೇಲೆ ಅವರು ಎರಡು ಮಾತು ಹೇಳಿದ್ರು. ಒಂದು, ಮೂರು ತಿಂಗಳು ಫಿಸಿಯೋಥೆರಪಿ, ನಡಿಗೆ, ಮಾತ್ರೆ ನೋಡೋಣ, ಸುಮಾರು ಜನಕ್ಕೆ ಇದರಲ್ಲೇ ತಡ್ಕೊಳ್ಳೋ ಮಟ್ಟಕ್ಕೆ ಬರುತ್ತೆ. ಎರಡು, ಸುಧಾರಿಸದಿದ್ರೆ ವಾಪಸ್ ಬನ್ನಿ, ಕಾಲಲ್ಲಿ ಶಕ್ತಿ ಕಡಿಮೆ ಆದಂಗೆ ಅನಿಸಿದ್ರೆ ತಕ್ಷಣ ಬನ್ನಿ.

ನಾನು ಮನೆಗೆ ತಗೊಂಡು ಹೋಗಿದ್ದು ಮೊದಲನೇ ಮಾತನ್ನ ಮಾತ್ರ.

ಯಾಕಂದ್ರೆ ನನ್ನ ಹತ್ರ ಒಂದು ಎಕ್ಸೆಲ್ ಶೀಟ್ ಇತ್ತು. ಅಪ್ಪ ಅಮ್ಮನಿಗೆ ಹೆಲ್ತ್ ಇನ್ಶೂರೆನ್ಸ್ ಮಾಡಿಸಿ ಆಗ 13 ತಿಂಗಳಾಗಿತ್ತು. ಪಾಲಿಸಿ ತೆಗೆದು ನೋಡಿದ್ರೆ ನಿರ್ದಿಷ್ಟ ಕಾಯಿಲೆಗಳ ಪಟ್ಟಿ, ಅದಕ್ಕೆಲ್ಲ 24 ತಿಂಗಳು ವೇಟಿಂಗ್ ಪೀರಿಯಡ್. ಕ್ಯಾಟರಾಕ್ಟ್, ಹರ್ನಿಯಾ, ಮಂಡಿ ಬದಲಿ, ಅದರ ಜೊತೆಗೇ ಡಿಸ್ಕ್ ಮತ್ತೆ ಬೆನ್ನುಮೂಳೆ ಸವೆತ. ಆಕ್ಸಿಡೆಂಟ್ ಆದ್ರೆ ಮಾತ್ರ ವಿನಾಯಿತಿ. ಇದೇನು ಮೋಸ ಅಲ್ಲ, ಹೆಚ್ಚುಕಡಿಮೆ ಎಲ್ಲ ಪಾಲಿಸಿಯಲ್ಲೂ ಇಂಥದ್ದೊಂದು ಪಟ್ಟಿ ಇರುತ್ತೆ. ಮೊದಲಿಂದ ಇದ್ದ ಕಾಯಿಲೆಗಳ ಕಾಯುವಿಕೆ ಬೇರೆ, ಅದು 48 ತಿಂಗಳವರೆಗೆ ಇದ್ದದ್ದನ್ನ ಐಆರ್‌ಡಿಎಐ 2024ರಲ್ಲಿ ಗರಿಷ್ಠ 36 ತಿಂಗಳಿಗೆ ಇಳಿಸಿದೆ. ಎರಡನ್ನೂ ಒಂದೇ ಅಂದ್ಕೋಬೇಡಿ.

24ರಲ್ಲಿ 13 ಕಳೆದರೆ 11. ನಾನು ಅಮ್ಮನಿಗೆ ಹೇಳಿದೆ, "ಅಮ್ಮ, ಇನ್ನು 11 ತಿಂಗಳು ತಡ್ಕೋ, ಆಮೇಲೆ ಒಂದ್ರುಪಾಯಿ ಕೊಡ್ದೆ ಆಪರೇಷನ್ ಆಗತ್ತೆ." ಅಮ್ಮ ದುಡ್ಡಿನ ವಿಷಯದಲ್ಲಿ ನನ್ನ ಮಾತನ್ನ ಪೂರ್ತಿ ನಂಬ್ತಾಳೆ. ನಮ್ಮನೇಲಿ ಕಾಮರ್ಸ್ ಓದಿದ್ದು ನಾನೊಬ್ಬಳೇ. ಆಯ್ತು ಅಂದಳು.

ಮೊದಲ ಮೂರು ತಿಂಗಳು ಕಾದದ್ದು ಸರಿ. ಅದು ಡಾಕ್ಟರ್ ಹೇಳಿದ್ದು. ಆಮೇಲಿನ ಐದು ತಿಂಗಳು ಕಾದದ್ದು ನನ್ನ ಶೀಟಿಗೋಸ್ಕರ. ನೋವು ಕಮ್ಮಿ ಆಗಿರಲಿಲ್ಲ, ಅಮ್ಮ ಫೋನಲ್ಲಿ ಹೇಳೋದನ್ನ ಕಮ್ಮಿ ಮಾಡಿದ್ದಳು ಅಷ್ಟೇ.

ಒಂದು ದಿನ ಫೋನಲ್ಲಿ ಬೇರೇನೋ ಮಾತಾಡ್ತಾ ನಕ್ಕೊಂಡು ಹೇಳಿದ್ಲು, "ಎಡಗಾಲಿನ ಹವಾಯಿ ಚಪ್ಪಲಿ ದಾರೀಲೇ ಬಿಟ್ಟು ಬಂದಿದೀನಿ ಕಣೇ, ಕಾಲಿಂದ ಬಿದ್ದೋಗಿದ್ದೇ ಗೊತ್ತಾಗ್ಲಿಲ್ಲ. ಅರವತ್ತಕ್ಕೆ ಮುಂಚೆನೇ ಅರಳು ಮರಳು." ನಾನೂ ನಕ್ಕೆ. ಹೊಸ ಚಪ್ಪಲಿ ಆರ್ಡರ್ ಮಾಡಿದೆ, ಹಿಂದೆ ಪಟ್ಟಿ ಇರೋದು.

ಚಪ್ಪಲಿ ಜಾರ್ತಿದ್ದಿದ್ದು ಮರೆವಿಂದ ಅಲ್ಲ. ಹೆಬ್ಬೆರಳನ್ನೂ ಪಾದವನ್ನೂ ಮೇಲಕ್ಕೆತ್ತೋ ನರ ಸೋಲ್ತಿತ್ತು. ಬೆರಳು ಚಪ್ಪಲಿ ಹಿಡಿಯೋದು ಬಿಟ್ಟಿತ್ತು. ಡಾಕ್ಟರ್ ಹೇಳಿದ ಎರಡನೇ ಮಾತು ಇದೇ ಅಲ್ವಾ? ನಾನು ಅದಕ್ಕೆ ಪಟ್ಟಿ ಇರೋ ಚಪ್ಪಲಿ ಕಳಿಸಿದ್ದೆ.

ಮುಂದಿನ ತಿಂಗಳು ಹೊಸ್ತಿಲು ಎಡವಿ ಬಿದ್ದಳು. ಮೂಳೆ ಮುರಿದಿರಲಿಲ್ಲ, ಪುಣ್ಯ. ಆದರೆ ಹಿಮ್ಮಡಿ ಮೇಲೆ ನಿಲ್ಲೋಕೆ ಆಗ್ತಿರಲಿಲ್ಲ. ಅದೇ ಎರಡನೇ ಸರ್ಜನ್ ಹತ್ರ ಹೋದ್ವಿ. ಹೆಬ್ಬೆರಳಿನ ಶಕ್ತಿ 5ಕ್ಕೆ 2 ಅಂತ ಬರೆದ್ರು. ಯಾವಾಗಿಂದ ಹೀಗಿದೆ ಅಂತ ಕೇಳಿದಾಗ ಅಮ್ಮ ನನ್ನ ಮುಖ ನೋಡಿದಳು. "ಈಗೀಗ" ಅಂದಳು.

ಈಗ ಆಪರೇಷನ್ ಬೇಕು ಅನ್ನೋದರಲ್ಲಿ ಅನುಮಾನ ಇರಲಿಲ್ಲ. ಯಾವ ಆಪರೇಷನ್ ಅನ್ನೋದರಲ್ಲಿ ಇತ್ತು.

ಎರಡು ದಾರಿ. ಒಂದು, ನರದ ಮೇಲಿನ ಒತ್ತಡ ತೆಗೆದು ಬಿಡೋದು, ಡಿಕಂಪ್ರೆಷನ್. ಇನ್ನೊಂದು, ಒತ್ತಡ ತೆಗೆದು ಜೊತೆಗೆ ಎರಡು ಮಣಿಗಳನ್ನ ಒಂದೇ ಮೂಳೆ ಆಗೋ ಹಂಗೆ ಬೆಸೆಯೋದು, ಫ್ಯೂಷನ್. ಈ ಬೆಸುಗೆ ಹೊಸದೇನಲ್ಲ. 1911ರಲ್ಲೇ ನ್ಯೂಯಾರ್ಕಲ್ಲಿ ಹಿಬ್ಸ್ ಮತ್ತು ಆಲ್ಬೀ ಅನ್ನೋ ಇಬ್ಬರು ಸರ್ಜನ್‌ಗಳು ಬೆನ್ನುಮೂಳೆಯ ಟಿಬಿಗೆ ಇದನ್ನ ಮಾಡಿದ್ರು, ಮಣಿ ಕುಸಿದು ಗೂನು ಬೀಳದಿರಲಿ ಅಂತ. ಆಲ್ಬೀ ರೋಗಿಯ ಮೊಣಕಾಲ ಕೆಳಗಿನ ಮೂಳೆ ಚೂರನ್ನೇ ತೆಗೆದು ಬೆನ್ನಿಗೆ ಕೂರಿಸಿದ್ರು. ಟಿಬಿಗೆ ಹುಟ್ಟಿದ್ದು ಸವೆತಕ್ಕೆ ಬಂದು, ಸವೆತಕ್ಕೆ ಬಂದದ್ದು ಎಲ್ಲದಕ್ಕೂ ಬಂದುಬಿಡ್ತು.

ನಾನು ರಾತ್ರಿ ಎಲ್ಲ ಕೂತು ಓದಿದೆ. ಅಷ್ಟು ದಿನ ಓದದಿದ್ದಕ್ಕೆ ಒಂದೇ ರಾತ್ರೀಲಿ ಪರಿಹಾರ ಅಂತಲೋ ಏನೋ. 2016ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಎರಡು ಅಧ್ಯಯನ ಒಟ್ಟಿಗೆ ಬಂದಿವೆ. ಸ್ವೀಡನ್‌ದು 247 ಜನರದ್ದು, ಅದರಲ್ಲಿ ಎರಡು ವರ್ಷದ ನಂತರ ಬೆಸೆದವರಿಗೂ ಬೆಸೆಯದವರಿಗೂ ವ್ಯತ್ಯಾಸ ಇಲ್ಲ, ಬೆಸೆದವರಿಗೆ ಖರ್ಚು ಮತ್ತು ರಕ್ತಸ್ರಾವ ಜಾಸ್ತಿ. ಅಮೆರಿಕದ್ದು ಬರೀ 66 ಜನರದ್ದು, ಅದರಲ್ಲಿ ಬೆಸೆದವರು ಸ್ವಲ್ಪ ಮುಂದೆ, ಮತ್ತೆ ಆಪರೇಷನ್ ಬೇಕಾದದ್ದು ಬೆಸೆದವರಲ್ಲಿ ಶೇ 14, ಬೆಸೆಯದವರಲ್ಲಿ ಶೇ 34. ಆಮೇಲೆ 2021ರಲ್ಲಿ ನಾರ್ವೆಯವರು ಮಣಿ ಜಾರಿದ 267 ಜನರನ್ನೇ ತಗೊಂಡು ನೋಡಿದ್ರು. ಎರಡೂ ಕಡೆ ಹತ್ತರಲ್ಲಿ ಸುಮಾರು ಏಳು ಜನ ಸುಧಾರಿಸಿದ್ರು, ಬರೀ ಒತ್ತಡ ತೆಗೆಯೋದು ಬೆಸುಗೆಗಿಂತ ಕಮ್ಮಿ ಏನಿಲ್ಲ ಅಂತ ಬಂತು.

ಇದನ್ನೆಲ್ಲ ಪ್ರಿಂಟ್ ತೆಗೆದು ಸರ್ಜನ್ ಮುಂದೆ ಇಟ್ಟೆ. ಬೈಸಿಕೊಳ್ಳೋಕೆ ರೆಡಿಯಾಗಿದ್ದೆ. ಅವರು ಬೈಯಲಿಲ್ಲ. ಹಾಳೆ ತಿರುವಿ ಹಾಕಿ ಹೇಳಿದ್ರು, ಇವು ಸರಿಯಾದ ಪ್ರಶ್ನೆಗಳೇ, ಇದರಿಂದಾನೇ ನಾನು ಎಲ್ಲರಿಗೂ ಸ್ಕ್ರೂ ಹಾಕಲ್ಲ. ಆಮೇಲೆ ಅಮ್ಮನ ಎರಡು ಎಕ್ಸ್‌ರೇ ಪಕ್ಕ ಪಕ್ಕ ಇಟ್ಟರು, ಮುಂದಕ್ಕೆ ಬಗ್ಗಿ ತೆಗೆದದ್ದು ಒಂದು, ಹಿಂದಕ್ಕೆ ಬಾಗಿ ತೆಗೆದದ್ದು ಒಂದು. ಎರಡರಲ್ಲಿ ಮಣಿ ಒಂದೇ ಜಾಗದಲ್ಲಿ ಇರಲಿಲ್ಲ. ನನ್ನಂಥ ಬಿ.ಕಾಂ. ಕಣ್ಣಿಗೂ ಕಾಣೋಷ್ಟು ಓಡಾಡ್ತಿತ್ತು. ಅಮೆರಿಕದ ಅಧ್ಯಯನದಲ್ಲಿ ಇಂಥ ಓಡಾಡೋ ಮಣಿಯವರನ್ನ ಸೇರಿಸ್ಕೊಂಡೇ ಇರಲಿಲ್ಲ ಅಂತ ತೋರಿಸಿದ್ರು. ಅಮ್ಮನಿಗೆ ನರ ಸಿಕ್ಕಿಹಾಕಿಕೊಂಡಿರೋದು ಅದು ಹೊರಬರೋ ಕಿಂಡಿಯಲ್ಲಿ, ಅದನ್ನ ಬಿಡಿಸಬೇಕಾದ್ರೆ ಕೀಲನ್ನೇ ತೆಗೀಬೇಕು, ಕೀಲು ತೆಗೆದ ಮೇಲೆ ಬೆಸೆಯದೇ ಬಿಟ್ಟರೆ ಮಣಿ ಇನ್ನೂ ಜಾರಬಹುದು. ಅದಕ್ಕೆ ಫ್ಯೂಷನ್. ನನಗೆ ಇದು ಒಪ್ಪಿಗೆ ಆಯ್ತು. ಬೇರೆಯವರ ಅಮ್ಮನಿಗೆ ಇದೇ ಉತ್ತರ ಇರಬೇಕು ಅಂತಿಲ್ಲ, ಆದರೆ ಈ ಪ್ರಶ್ನೆ ಕೇಳಿದಾಗ ಡಾಕ್ಟರ್ ಎಕ್ಸ್‌ರೇ ಎತ್ತಿ ತೋರಿಸ್ತಾರಾ ಅಥವಾ ಸಿಟ್ಟಾಗ್ತಾರಾ ನೋಡಿ.

ಇನ್ನು 'ಮಿನಿಮಲಿ ಇನ್ವೇಸಿವ್' ಅನ್ನೋ ಪದ. ಆಸ್ಪತ್ರೆ ಜಾಹೀರಾತಲ್ಲಿ 'ಕೀಹೋಲ್', 'ಪಿನ್‌ಹೋಲ್' ಅಂತೆಲ್ಲ ಬರೆದಿರ್ತಾರೆ. ಚರ್ಮದ ಮೇಲಿನ ಗಾಯ ಚಿಕ್ಕದು, ಒಳಗಿನ ಕೆಲಸ ಚಿಕ್ಕದಲ್ಲ. ಹಳೇ ವಿಧಾನದಲ್ಲಿ ಬೆನ್ನ ನಡುವೆ ಉದ್ದಕ್ಕೆ ಕೊಯ್ದು, ಮೂಳೆಗೆ ಅಂಟಿದ ಮಾಂಸಖಂಡಗಳನ್ನ ಎರಡೂ ಕಡೆ ಎಬ್ಬಿಸಿ, ಗಂಟೆಗಟ್ಟಲೆ ಎಳೆದು ಹಿಡೀತಾರೆ. ಬೆನ್ನನ್ನ ನೆಟ್ಟಗೆ ಹಿಡಿಯೋದೇ ಆ ಖಂಡಗಳು. ಹೊಸ ವಿಧಾನದಲ್ಲಿ ನಡುವಿನಿಂದ ಸ್ವಲ್ಪ ಪಕ್ಕಕ್ಕೆ, ಒಂದಿಂಚು ಚಿಲ್ಲರೆ ಗಾಯ. ಅದರೊಳಗೆ ಸಣ್ಣ ಕೊಳವೆ, ಅದರ ಮೇಲೆ ಸ್ವಲ್ಪ ದಪ್ಪದ್ದು, ಅದರ ಮೇಲೆ ಇನ್ನೂ ದಪ್ಪದ್ದು, ಹೀಗೆ ಖಂಡದ ಎಳೆಗಳನ್ನ ಕತ್ತರಿಸದೆ ಸರಿಸ್ತಾ ಹೋಗ್ತಾರೆ. ಜನಜಂಗುಳಿಯಲ್ಲಿ "ಸ್ವಲ್ಪ ಜಾಗ ಬಿಡಿ" ಅಂತ ಹೆಗಲು ತೂರಿಸಿ ಹೋಗ್ತೀವಲ್ಲ, ಹಾಗೆ. ಕೊನೆಗೆ ಎರಡು ಸೆಂಟಿಮೀಟರ್ ಆಸುಪಾಸಿನ ಕೊಳವೆ ಉಳಿಯುತ್ತೆ. ಮೈಕ್ರೋಸ್ಕೋಪ್ ಇಟ್ಟು ಅದರೊಳಗೇ ಎಲ್ಲ ಕೆಲಸ. ಫೋಲಿ ಮತ್ತು ಸ್ಮಿತ್ ಅನ್ನೋರು 1997ರಲ್ಲಿ ಡಿಸ್ಕ್ ಆಪರೇಷನ್ನಿಗೆ ತಂದ ಕೊಳವೆ ಇದು, 2000ದ ನಂತರ ಬೆಸುಗೆಗೂ ಬಂತು.

ಅಮ್ಮನಿಗೆ ಆಗಿದ್ದು ಇದೇ, ಟಿಎಲ್‌ಐಎಫ್ ಅಂತಾರೆ. ಬೋರಲು ಮಲಗಿಸಿ, ಎಡಗಡೆಯ ಸವೆದ ಕೀಲು ತೆಗೆದು, ನರ ಬಿಡಿಸಿ, ಡಿಸ್ಕನ್ನ ಚೂರು ಚೂರಾಗಿ ಹೊರತೆಗೆದು, ಆ ಜಾಗಕ್ಕೆ ಕೇಜ್ ಅನ್ನೋ ಸಣ್ಣ ಪೆಟ್ಟಿಗೆ ಕೂರಿಸ್ತಾರೆ. ಅದರೊಳಗೂ ಸುತ್ತಲೂ ಅಮ್ಮನದೇ ಮೂಳೆಯ ಚೂರು, ತೆಗೆದ ಕೀಲನ್ನೇ ಪುಡಿ ಮಾಡಿ ತುಂಬಿದ್ದು. ಆಮೇಲೆ ಎಕ್ಸ್‌ರೇ ನೋಡ್ತಾ ನೋಡ್ತಾ ನಾಲ್ಕು ಸ್ಕ್ರೂ, ಎರಡು ರಾಡು, ಚರ್ಮದ ಕೆಳಗಿಂದ ತೂರಿಸಿ.

ನಾನು ಅಂದ್ಕೊಂಡಿದ್ದು ಸ್ಕ್ರೂ ಹಾಕಿದ್ರೆ ಬೆಸುಗೆ ಆಯ್ತು ಅಂತ. ಆಗಿರಲ್ಲ. ಮನೆ ಕಟ್ಟುವಾಗ ಆರ್‌ಸಿಸಿಗೆ ಸೆಂಟ್ರಿಂಗ್ ಹೊಡೀತಾರಲ್ಲ, ಸ್ಕ್ರೂ ಮತ್ತು ರಾಡು ಆ ಸೆಂಟ್ರಿಂಗ್. ಕಾಂಕ್ರೀಟ್ ಗಟ್ಟಿಯಾಗೋವರೆಗೆ ಅಲುಗಾಡದಂಗೆ ಹಿಡಿಯೋಕೆ. ಇಲ್ಲಿ ಕಾಂಕ್ರೀಟ್ ಅಂದ್ರೆ ಬೆಳೆಯೋ ಮೂಳೆ, ಅದಕ್ಕೆ ಆರು ತಿಂಗಳಿಂದ ವರ್ಷ ಬೇಕು. ಮೂಳೆ ಕೂಡದೇ ಹೋದ್ರೆ ಎಷ್ಟೇ ಗಟ್ಟಿ ಸ್ಕ್ರೂ ಆದ್ರೂ ಒಂದಲ್ಲ ಒಂದು ದಿನ ಸಡಿಲ ಆಗುತ್ತೆ. ಸಿಗರೇಟ್ ಸೇದೋರಿಗೆ ಮೂಳೆ ಕೂಡೋದು ಕಷ್ಟ ಅನ್ನೋದು ಇದಕ್ಕೇ. ಸರ್ಜನ್ ಅಮ್ಮನ್ನ ಕೇಳಿದ್ರು, ತಂಬಾಕು ಏನಾದ್ರೂ? ಅಮ್ಮ ಸಿಗರೇಟ್ ಸೇದಲ್ಲ, ಆದರೆ ಕವಳಕ್ಕೆ ಹೊಗೆಸೊಪ್ಪು ಬೇಕು. ನಿಕೋಟಿನ್ ಯಾವ ದಾರೀಲಿ ಬಂದ್ರೂ ಬೇಡ ಅಂದ್ರು. ಅಮ್ಮ ಚೌಕಾಸಿಗೆ ಇಳಿದಳು, "ಸೊಪ್ಪು ಬಿಡ್ತೀನಿ, ಅಡಿಕೆ ಬಿಡೋಲ್ಲ. ಬೆಳೆಯೋರೇ ಬಿಟ್ರೆ ಹೆಂಗೆ?"

ಕೊಳವೆ ವಿಧಾನದ ಲಾಭ ಮೊದಲ ವಾರಗಳಲ್ಲಿ ಕಾಣುತ್ತೆ. ರಕ್ತ ಕಮ್ಮಿ ಹೋಗುತ್ತೆ, ನೋವು ಕಮ್ಮಿ, ಬೇಗ ಮನೆಗೆ. ವರ್ಷ ಎರಡು ವರ್ಷದ ನಂತರ ನೋಡಿದ್ರೆ ಹಳೇ ವಿಧಾನದವರಿಗೂ ಇವರಿಗೂ ದೊಡ್ಡ ವ್ಯತ್ಯಾಸ ಇರಲ್ಲ. ಸೋಂಕು, ನರದ ಪೊರೆ ಹರಿಯೋದು, ಸ್ಕ್ರೂ ಜಾಗ ತಪ್ಪೋದು, ಮುಂದೆ ಪಕ್ಕದ ಡಿಸ್ಕ್ ಸವೆಯೋದು, ಈ ಅಪಾಯಗಳೆಲ್ಲ ಇದರಲ್ಲೂ ಇವೆ. 'ಲೇಟೆಸ್ಟ್' ಅಂತ ಒಪ್ಪಿಗೆ ಕೊಡಬೇಡಿ. ಕೈ ಪಳಗಿದ ಸರ್ಜನ್ ಯಾವ ವಿಧಾನದಲ್ಲಿ ಪಳಗಿದ್ದಾರೆ ಅಂತ ಕೇಳಿ.

ದುಡ್ಡಿನ ಭಾಗಕ್ಕೆ ಬರ್ತೀನಿ, ನನ್ನ ಏರಿಯಾ. ಆಪರೇಷನ್ ಆಗಿದ್ದು ಪಾಲಿಸಿಯ 22ನೇ ತಿಂಗಳಲ್ಲಿ. ಹೌದು, ಎರಡು ತಿಂಗಳು ಬಾಕಿ. ಕ್ಯಾಶ್‌ಲೆಸ್ ಅರ್ಜಿ ಹಾಕಿದ್ವಿ, ನಾಲ್ಕು ಗಂಟೆಯಲ್ಲಿ ವಾಪಸ್ ಬಂತು, ಕ್ಲಾಸ್ ನಂಬರ್ ಸಮೇತ. ಬಿಲ್ಲು 4 ಲಕ್ಷ 38 ಸಾವಿರ. ಅದರಲ್ಲಿ ಮೂರನೇ ಒಂದು ಭಾಗದ ಹತ್ತಿರ ಬರೀ ಸ್ಕ್ರೂ, ರಾಡು, ಕೇಜು. ಅಮ್ಮನ ಸರ, ನನ್ನ ಎರಡು ಬಳೆ ಗೋಲ್ಡ್ ಲೋನಿಗೆ ಹೋದವು, ಉಳಿದದ್ದು ನನ್ನ ಎಫ್‌ಡಿ. ಕಾದು ಉಳಿಸಿದ್ದು ಸೊನ್ನೆ. ಕಾದು ಕಳೆದದ್ದು ಯಾವ ಕಾಲಂನಲ್ಲಿ ಬರೀಬೇಕೋ ಗೊತ್ತಿಲ್ಲ.

ನೀವು ಕ್ಲೇಮ್ ಮಾಡೋ ಹಂಗಿದ್ರೆ ಒಂದೆರಡು ವಿಷಯ. ಇಂಪ್ಲಾಂಟ್‌ಗಳ ಜೊತೆ ಸ್ಟಿಕ್ಕರ್ ಬರುತ್ತೆ, ಕಂಪನಿ ಹೆಸರು, ಸೀರಿಯಲ್ ಅಥವಾ ಲಾಟ್ ನಂಬರ್ ಇರೋದು. ಅದನ್ನೂ ಇಂಪ್ಲಾಂಟಿನ ಬಿಲ್ಲನ್ನೂ ಕೇಳಿ ಇಸ್ಕೊಳ್ಳಿ. ಇನ್ನೊಂದು, ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ಮಿತಿ ಇದ್ದು, ನೀವು ದುಬಾರಿ ರೂಮ್ ತಗೊಂಡ್ರೆ, ಸರ್ಜನ್ ಫೀ ಓಟಿ ಚಾರ್ಜ್ ಎಲ್ಲ ಅದೇ ಅನುಪಾತದಲ್ಲಿ ಕಡಿತ ಆಗುತ್ತೆ. ಆದರೆ ಇಂಪ್ಲಾಂಟ್, ಔಷಧಿ, ಟೆಸ್ಟುಗಳ ಮೇಲೆ ಆ ಕಡಿತ ಹಾಕೋ ಹಂಗಿಲ್ಲ, ಐಆರ್‌ಡಿಎಐ ನಿಯಮ ಇದೆ. ಬೆನ್ನಿನ ಆಪರೇಷನ್ನಲ್ಲಿ ಇದು ದೊಡ್ಡ ಮೊತ್ತ, ಹಾಕಿದ್ರೆ ಪತ್ರ ಬರೆದು ಕೇಳಿ. ಇನ್ಶೂರೆನ್ಸೇ ಇಲ್ಲದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ವಿಚಾರಿಸಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ತಗೋಬೇಕು. ನಮ್ಮದು ಎಪಿಎಲ್ ಕಾರ್ಡು. ನಾನು ಈ ಬಾಗಿಲು ತಟ್ಟಲೇ ಇಲ್ಲ, ಯಾಕಂದ್ರೆ ನನ್ನ ತಲೇಲಿ ಇದ್ದದ್ದು 24 ಅನ್ನೋ ಒಂದೇ ನಂಬರು.

ಆಪರೇಷನ್ ಮಾರನೇ ದಿನ ವಾಕರ್ ಹಿಡಿದು ಅಮ್ಮ ಎದ್ದು ನಿಂತಳು. ನಮ್ಮೂರಿಂದ ಫೋನ್ ಮಾಡಿದವರೆಲ್ಲ "ಬೆನ್ನಿಗೆ ಕತ್ತಿ ಹಾಕ್ಸಿದ್ರೆ ಮಲಗಿದ್ದಲ್ಲೇ ಅಂತೆ" ಅಂತ ಹೆದರಿಸಿದ್ರಲ್ಲ, ಅವರಿಗೆ ತೋರಿಸೋಕೆ ವಿಡಿಯೋ ಮಾಡಿಸಿಕೊಂಡಳು. ನಾಲ್ಕನೇ ದಿನ ಡಿಸ್ಚಾರ್ಜ್. ಬಗ್ಗಬಾರದು, ಸೊಂಟ ತಿರುಚಬಾರದು, ಭಾರ ಎತ್ತಬಾರದು, ಮೂರು ತಿಂಗಳು ನೆಲದ ಮೇಲೆ ಕೂರಬಾರದು. ಈ ಕೊನೇದನ್ನ ಡಿಸ್ಚಾರ್ಜ್ ಶೀಟಲ್ಲಿ ಒಂದು ಸಾಲಲ್ಲಿ ಬರೆದಿರ್ತಾರೆ, ಆದರೆ ನಮ್ಮ ಮನೆಯ ಇಡೀ ಬದುಕೇ ನೆಲದ ಮೇಲಿದೆ. ಊಟ ನೆಲದ ಮೇಲೆ, ತರಕಾರಿ ಹೆಚ್ಚೋದು ನೆಲದ ಮೇಲೆ, ಕಕ್ಕಸು ಇಂಡಿಯನ್. ತೀರ್ಥಹಳ್ಳಿಯಲ್ಲಿ ಒಂದು ಕಮೋಡ್ ಚೇರ್ ಹುಡುಕಿ ತರೋಕೆ ಅಪ್ಪ ಒಂದು ದಿನ ಪೂರ್ತಿ ಸುತ್ತಿದ್ರು. "ನಡೆಯೋ ಸೋಮಾರಿತನ" ಅಂದಿದ್ದ ಅದೇ ಅಪ್ಪ ಮೂರು ತಿಂಗಳು ಒಲೆ ಹಚ್ಚಿ, ಅನ್ನ ಬಸಿದು, ಬಾವಿಯಿಂದ ನೀರು ಸೇದಿದ್ರು. ಸಾರಿಗೆ ಉಪ್ಪು ಮಾತ್ರ ಇವತ್ತಿಗೂ ಜಾಸ್ತಿ ಹಾಕ್ತಾರೆ.

ಕಾಲಿನ ಬೆಂಕಿ ಆಪರೇಷನ್ ದಿನವೇ ಹೋಯ್ತು. ಈಗ ಎಂಟು ತಿಂಗಳು. ಬಸ್ ಸ್ಟಾಪಿಗೆ ಒಂದೂ ಕಡೆ ಕೂರದೆ ಹೋಗ್ತಾಳೆ. ಆರು ತಿಂಗಳಿಗೆ ತೆಗೆದ ಸಿಟಿ ಸ್ಕ್ಯಾನಲ್ಲಿ ಕೇಜಿನ ಮೂಲಕ ಮೂಳೆ ಬೆಳೀತಿರೋದು ಕಾಣ್ತಿದೆ. ಹೆಬ್ಬೆರಳಿನ ಶಕ್ತಿ 5ಕ್ಕೆ 3. ಇನ್ನೂ ಸ್ವಲ್ಪ ಬರಬಹುದು, ಬರದೇನೂ ಇರಬಹುದು ಅಂದಿದ್ದಾರೆ. ಎಷ್ಟು ಬೇಗ ಬಂದಿದ್ರೆ ಪೂರ್ತಿ ಸರಿ ಹೋಗ್ತಿತ್ತು ಅಂತ ನಾನು ಕೇಳಿದೆ. ಹಾಗೆ ಲೆಕ್ಕ ಹಾಕಿ ಹೇಳೋಕಾಗಲ್ಲ ಅಂದ್ರು ಸರ್ಜನ್. ಇಷ್ಟು ಹೊತ್ತು ಒತ್ತಡದಲ್ಲಿದ್ದ ನರ ಇಷ್ಟೇ ಸರಿ ಹೋಗುತ್ತೆ ಅನ್ನೋ ಫಾರ್ಮುಲಾ ಇಲ್ವಂತೆ. ನನಗೆ ಅದೇ ಕಷ್ಟ ಆಗಿರೋದು. ತಪ್ಪಾದ್ರೆ ಎಷ್ಟು ತಪ್ಪು ಅಂತ ಒಂದು ನಂಬರ್ ಸಿಕ್ಕರೆ ನಾನು ಸಮಾಧಾನ ಮಾಡ್ಕೊಳ್ತೀನಿ.

ಈ ಸುಗ್ಗಿಗೆ ಅಪ್ಪ ಮೆಟ್ಟುಗತ್ತಿಯನ್ನ ಒಂದು ಹಳೇ ಬೆಂಚಿಗೆ ಬಿಗಿದು ಎತ್ತರ ಮಾಡಿಕೊಟ್ಟಿದ್ದಾರೆ. ಅಮ್ಮ ಕುರ್ಚಿ ಮೇಲೆ ಕೂತು ಸುಲೀತಾಳೆ, ಅರ್ಧ ಗಂಟೆಗೊಮ್ಮೆ ಎದ್ದು ಅಂಗಳ ಸುತ್ತುತ್ತಾಳೆ. ಮೊದಲಿನಷ್ಟು ಡಬ್ಬ ಆಗಲ್ಲ, ಬೇರೆಯವರ ಮನೆಗೂ ಹೋಗ್ತಿಲ್ಲ. ಮೊನ್ನೆ ರಾತ್ರಿ ಈ ಎಪಿಸೋಡಿನ ಸ್ಕ್ರಿಪ್ಟನ್ನ ಫೋನಲ್ಲಿ ಅವಳಿಗೆ ಓದಿ ಹೇಳಿದೆ. ಅವಳ ಒಪ್ಪಿಗೆ ಇಲ್ಲದೆ ಹಾಕೋ ಹಂಗಿರಲಿಲ್ಲ. ಎಕ್ಸೆಲ್ ವಿಷಯ ಬಂದಾಗ ಸುಮ್ಮನಿದ್ದಳು. ಕವಳದ ವಿಷಯ ತೆಗಿ ಅಂದಳು, ಆಮೇಲೆ ಇರಲಿ ಬಿಡು ಅಂದಳು.

"ಆ ಚಪ್ಪಲಿದು ಮಾತ್ರ ಸರಿಯಾಗಿ ಹೇಳು ಮಗಾ" ಅಂದಳು. "ಸುಲಿಯೋಕೆ ಬರ್ತಾರಲ್ಲ, ಅವರಲ್ಲಿ ಇನ್ನೊಬ್ಳಿಗೂ ಹಂಗೇ ಆಗ್ತಿದೆ. ನಿನ್ನೆ ಅವಳ್ನ ಅಂಗಳದಲ್ಲಿ ಹಿಮ್ಮಡಿ ಮೇಲೆ ನಡೆಸಿ ನೋಡ್ದೆ."

ಆಮೇಲೇನಾಯ್ತು ಅಂತ ಕೇಳಿದೆ. ನಾಡಿದ್ದು ಸೋಮವಾರ ಶಿವಮೊಗ್ಗಕ್ಕೆ ಕರ್ಕೊಂಡು ಹೋಗ್ತಾಳಂತೆ, ಬೆಳಗ್ಗೆ ಆರೂವರೆ ಬಸ್ಸಿಗೆ.

ಮುಂದಿನ ವಾರ ಮತ್ತೆ ಟ್ಯಾಕ್ಸು. ಸಿಗೋಣ.